ಮೀನುಗಳ ಉಪವಾಸ

ನೇಸರಗಿಯ ಆ ಮನೆಯಲ್ಲಿ ತತ್ತಿಯ ಹೆಸರನ್ನು ಕೂಡ ಯಾರೂ ಗಟ್ಟಿಯಾಗಿ ಹೇಳುವವರಲ್ಲ. ಅಂಥ ಮನೆಯ ಹಿತ್ತಲಿಗೆ ಮೀನು ತರುತ್ತೇನೆಂದು ಸೊಸೆ ಸಪ್ನಾ ಹೇಳಿದಾಗ ಅತ್ತೆ ಚನ್ನವ್ವ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿ, ಹುಡುಗಿಗೆ ಜ್ವರ ಗಿರ ಬಂದಿದೆಯೇನೋ ಎಂಬಂತೆ ನೋಡಿದಳು. ತಿನ್ನುವುದಕ್ಕಲ್ಲ, ಬರೀ ಸಾಕುವುದಕ್ಕೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಪ್ನಾಗೆ ಸಾಕುಸಾಕಾಯಿತು.

ಅವಳು ಅದನ್ನು ಫೋನಿನಲ್ಲಿ ನೋಡಿದ್ದಳು. ಕೆಳಗೆ ಒಂದು ಟಾಕಿಯಲ್ಲಿ ಮೀನು, ಅದರ ಮೇಲೆ ಜಲ್ಲಿ ತುಂಬಿದ ಒಂದು ತೊಟ್ಟಿ, ಜಲ್ಲಿಯಲ್ಲಿ ಸೊಪ್ಪು. ಮೀನಿನ ಹೊಲಸು ಬೆರೆತ ನೀರನ್ನು ಸಣ್ಣ ಪಂಪು ಮೇಲಕ್ಕೆತ್ತುತ್ತದೆ. ಜಲ್ಲಿಗೆ ಅಂಟಿ ಬದುಕುವ, ಕಣ್ಣಿಗೆ ಕಾಣದ ಜೀವಿಗಳು ಆ ಹೊಲಸನ್ನು ಗೊಬ್ಬರ ಮಾಡುತ್ತವೆ. ಬೇರು ಗೊಬ್ಬರವನ್ನು ಹೀರಿಕೊಂಡ ಮೇಲೆ ಚೊಕ್ಕ ನೀರು ಮತ್ತೆ ಮೀನಿಗೆ ಇಳಿಯುತ್ತದೆ. ಅಕ್ವಾಪೋನಿಕ್ಸ್ ಎಂದು ಅದರ ಹೆಸರು. ಮಾವ ಮಹಾಂತಪ್ಪ ಎರಡು ಸಲ ಹೇಳಲು ನೋಡಿ, ನಾಲಿಗೆ ಹೊರಳದೆ, 'ನಿಮ್ಮ ಆ ನೀರಿನ ತ್ವಾಟ' ಎಂದು ಬಿಟ್ಟುಬಿಟ್ಟ.

ಸಪ್ನಾಗೆ ಸೊಪ್ಪಿನ ಆಸೆಯೇನೂ ಅಷ್ಟಿರಲಿಲ್ಲ. ವಾರದ ಸಂತೆಯಲ್ಲಿ ಬೇಕಾದಷ್ಟು ಸಿಗುತ್ತದೆ. ರಾಮದುರ್ಗದ ತವರಿನಿಂದ ಈ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಒಲೆ ಅತ್ತೆಯದು, ಹೊಲ ಮಾವನದು, ಅಂಗಡಿ ಗಂಡ ಕಲ್ಮೇಶನದು. ಇದು ನನ್ನದು ಎಂದು ತೋರಿಸಲು ಅವಳಿಗೆ ಅಲ್ಲಿ ಒಂದೂ ಇರಲಿಲ್ಲ. ಅತ್ತೆ ಕೆಟ್ಟವಳಲ್ಲ, ಯಾರೂ ಕೆಟ್ಟವರಲ್ಲ, ಆದರೂ ಆ ಮನೆಯಲ್ಲಿ ಅವಳು ಒಂದು ಉಪ್ಪಿನ ಡಬ್ಬಿಯ ಜಾಗವನ್ನೂ ಕೇಳದೆ ಬದಲಿಸಿದವಳಲ್ಲ.

ಕೊನೆಗೆ ಚನ್ನವ್ವ ಒಪ್ಪಿದಳು. ಒಪ್ಪುವಾಗ ಒಂದು ಕರಾರು ಹಾಕಿದಳು.

"ಸಾಕತೇನಿ ಅಂತೀದಿ, ಸಾಕು. ಆದ್ರ ನಮ್ಮ ಮನ್ಯಾಗ ಒಂದ ಜೀವಾ ಹೋತು ಅಂದ್ರ, ಅವತ್ತ ಎಲ್ಲಾ ಕಿತ್ತ ಹೊರಗ ಇಡಬೇಕ."

ಕಲ್ಮೇಶ ಒಂದು ನೀಲಿ ಡ್ರಮ್ಮು ತಂದು ಅಡ್ಡ ಕೊಯ್ದುಕೊಟ್ಟ, ಒಂದು ಭಾಗ ಮೀನಿನ ಟಾಕಿಗೆ, ಇನ್ನೊಂದು ಜಲ್ಲಿಯ ತೊಟ್ಟಿಗೆ. ಬೈಲಹೊಂಗಲದಿಂದ ಜಲ್ಲಿ ಬಂತು. ಸಪ್ನಾ ಅದನ್ನು ಬುಟ್ಟಿ ಬುಟ್ಟಿಯಾಗಿ ತೊಳೆದಳು. ಪೈಪು ಜೋಡಿಸಿದ ಮೊದಲ ದಿನ ನೀರು ಡ್ರಮ್ಮಿನಲ್ಲಿ ನಿಲ್ಲುವುದರ ಬದಲು ಹಿತ್ತಲ ತುಂಬ ಹರಿದು, ಪಡಸಾಲೆಯಲ್ಲಿ ಲಿಂಗಪೂಜೆಗೆ ಕುಳಿತಿದ್ದ ಮಹಾಂತಪ್ಪನ ಮಣೆಯ ಕೆಳಗೂ ಹೋಯಿತು. ಎರಡು ದಿನ ಮನೆಮಂದಿಗೆ ನಗಲು ಅದೇ ಸಾಕಾಯಿತು.

ಮೀನು ಮಾರುವ ಬೆಳಗಾವಿಯ ಅಂಗಡಿಯವನು ಮೊದಲೇ ಹೇಳಿದ್ದ: ಒಂದು ತಿಂಗಳು ಬರೀ ನೀರು ಓಡಿಸಿರಿ, ಜಲ್ಲಿ ಹದಕ್ಕೆ ಬರಲಿ, ಆಮೇಲೆ ಮೀನು ಬಿಡಿರಿ. ಹಾಲಿಗೆ ಹೆಪ್ಪು ಹಾಕಿ ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡುವವರು ಇರುತ್ತಾರಲ್ಲ, ನಮ್ಮ ಸಪ್ನಾ ಆ ಪೈಕಿ. ಒಂದೇ ವಾರಕ್ಕೆ ಜಲ್ಲಿಯಲ್ಲಿ ಮೆಂತ್ಯ ಬಿತ್ತಿ, ಕೆಂಪು-ಬಿಳಿ ಬಣ್ಣದ ಕೊಯಿ ಮೀನಿನ ಮರಿಗಳನ್ನು ತಂದು ಬಿಟ್ಟಳು.

ಮೀನುಗಳ ಮೇಲೆ ಇಡೀ ಮನೆ ಜೀವವನ್ನೇ ಇಟ್ಟಿತು. ಬೇಡವೆಂದಿದ್ದ ಚನ್ನವ್ವನೇ ಮಧ್ಯಾಹ್ನ ಟಾಕಿಯ ಹತ್ತಿರ ಮಣೆ ಹಾಕಿಕೊಂಡು ಕೂರತೊಡಗಿದಳು. ಆದರೆ ಶ್ರಾವಣ ಹಿಡಿಯುವ ಹೊತ್ತಿಗೆ ನೀರು ಬೆಳ್ಳಗೆ ಕದಡಿ ವಾಸನೆ ಹೊಡೆಯಲು ಶುರುವಾಯಿತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ಮೀನಿಗೆ ಹಾಕುವ ಕಾಳು ಹೆಚ್ಚಾದರೂ ನೀರು ಕೆಡುತ್ತದೆ ಎಂದು ಸಪ್ನಾ ಫೋನಿನಲ್ಲಿ ಓದಿ, ದಿನಕ್ಕೊಂದು ಚಿಟಿಕೆ ಹಾಕುತ್ತಿದ್ದವಳು ಅರ್ಧ ಚಿಟಿಕೆ ಮಾಡಿದಳು. ಆಮೇಲೆ ಅದನ್ನೂ ನಿಲ್ಲಿಸಿದಳು. ನೀರು ಮಾತ್ರ ದಿನದಿನಕ್ಕೆ ಇನ್ನಷ್ಟು ಕೆಟ್ಟಿತು.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಅವಳು ಹಿತ್ತಲಿಗೆ ಬಂದಾಗ ಪಂಪು ನಿಂತಿತ್ತು. ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಯಾರೂ ಏಳುವುದರೊಳಗೆ ತಿಪ್ಪೆಯಲ್ಲಿ ಹುಗಿದುಬಿಡಲೇ ಎಂದು ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ. ಅದನ್ನು ಬೊಗಸೆಯಲ್ಲಿ ಎತ್ತಿಕೊಂಡು ತಿರುಗಿದರೆ ಬಾಗಿಲಲ್ಲಿ ಚನ್ನವ್ವ ನಿಂತಿದ್ದಳು. ಅವಳು ಬೈಯಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಅತ್ತಳು.

"ಕಿತ್ತ ಇಡವ್ವಾ," ಅಂದಳು. "ನನಗ ನೋಡಾಕ ಆಗವಲ್ದು."

ಕೀಳುವುದಿದ್ದರೂ ಉಳಿದವುಗಳ ಜೀವ ಮೊದಲು ಉಳಿಯಬೇಕಲ್ಲ ಎಂದು ಸಪ್ನಾ ಪಂಪನ್ನು ಮೇಲೆತ್ತಿ ಮುಚ್ಚಳ ಬಿಚ್ಚಿದಳು. ಒಳಗೆ ಅಂಟಂಟಾದ ಮುದ್ದೆ. ನೆನೆದ ಜೋಳದ ರೊಟ್ಟಿ, ಅನ್ನದ ಅಗಳು, ಚುರುಮುರಿ, ನಡುವೆ ಒಂದಿಷ್ಟು ಹೋಳಿಗೆಯ ಹೂರಣ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಮದುವೆಯಾದ ಮೇಲೆ ಮೊದಲ ಸಲ ಆ ಮನೆಯಲ್ಲಿ ದನಿ ಏರಿಸಿ, ಇದನ್ನೆಲ್ಲ ಹಾಕಿದವರು ಯಾರು ಎಂದು ಕೇಳಿದಳು. ಮಹಾಂತಪ್ಪ ಪೂಜೆ ಮುಗಿಸಿ ದಿನಾ ಪ್ರಸಾದದ ಒಂದು ಹಿಡಿ ಹಾಕುತ್ತಿದ್ದನಂತೆ. ಅಂಗಡಿಗೆ ಹೊರಡುವಾಗ ಕಲ್ಮೇಶನದು ಚುರುಮುರಿ. ಪಕ್ಕದ ಮನೆಯ ಕೆಂಪವ್ವ ಸಂಜೆ ಗೋಡೆಯಾಚೆಯಿಂದ ಅನ್ನ ಎಸೆಯುತ್ತಿದ್ದಳಂತೆ. ಗಂಡಸರಿಬ್ಬರೂ ಆಕಾಶ ನೋಡುತ್ತ ನಿಂತರು. ಚನ್ನವ್ವ ಮಾತ್ರ ಸೊಸೆಯ ಮುಖ ನೋಡಿಯೇ ಹೇಳಿದಳು.

"ಎಲ್ಲಾರಕಿಂತ ಹೆಚ್ಚ ಹಾಕಿದಾಕಿ ನಾನ. ಬಾಯಿ ತಕ್ಕೊಂಡ ಮ್ಯಾಲ ಬಂದ್ರ ನಾ ಹೆಂಗ ಉಣ್ಣಲಿ? ಹಸದ ಜೀವಾ ಮುಂದ ಇಟಗೊಂಡ ನಾ ಎಂದೂ ತುತ್ತ ಎತ್ತಿಲ್ಲ."

ಅದು ನಿಜವೇ. ಆ ಮನೆಯ ಬಾಗಿಲಿಗೆ ಬಂದವರಿಗೆ ಹೆಸರು ಕೇಳುವ ಮೊದಲೇ 'ಉಂಡ ಹೋಗ್ರಿ' ಅನ್ನುತ್ತಾರೆ. ಮೀಟರ್ ನೋಡಲು ಬಂದವನು ಕೂಡ ಒಂದು ರೊಟ್ಟಿ ತಿನ್ನದೆ ಹೋದದ್ದಿಲ್ಲ. ಅದು ನೆನಪಾಗಿ ಸಪ್ನಾಳ ಸಿಟ್ಟು ಇಳಿದುಹೋಯಿತು. ತಪ್ಪೆಲ್ಲ ಅತ್ತೆಯ ತಲೆಗೆ ಕಟ್ಟಿ ಟಾಕಿ ಉಳಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

"ಅವು ಹಸದ ಬಾಯಿ ತಗದಿದ್ದಿಲ್ರಿ ಅತ್ತಿ. ನೀರ ಕೆಟ್ಟು ಉಸರ ಸಿಗಲಾರದ ತಗದಿದ್ದೂ. ನಂದೂ ತಪ್ಪ ಐತ್ರಿ. ನೀರ ಹದಕ್ಕ ಬರೂ ತನಕಾ ನಾ ತಡೀಲಿಲ್ಲ."

ಚನ್ನವ್ವ ಕಟ್ಟೆಯ ಮೇಲೆ ಕುಳಿತಳು. ಆಮೇಲೆ, ಉಳಿದವು ಬದುಕುತ್ತವೆಯೇ, ಬದುಕಬೇಕಾದರೆ ಏನು ಮಾಡಬೇಕು ಎಂದು ಕೇಳಿದಳು. ಸಪ್ನಾ ತನಗೆ ತಿಳಿದದ್ದನ್ನು ಹೇಳಿದಳು: ಅರ್ಧ ನೀರು ಬದಲಿಸಬೇಕು, ಪಂಪು ನಿಲ್ಲಬಾರದು, ನೀರು ತಿಳಿಯಾಗುವವರೆಗೆ ಒಂದು ಅಗಳೂ ಹಾಕಬಾರದು, ಅಷ್ಟು ಮಾಡಿದರೆ ಬದುಕಬಹುದು. ಮೀನುಗಳನ್ನು ಉಪವಾಸ ಕೆಡವುವ ಮಾತು ಕೇಳಿ ಚನ್ನವ್ವನ ಮುಖ ಬಾಡಿತು. ಆದರೂ ಟಾಕಿ ಕೀಳುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಅವಳೇ ನಿಂತು ಬೋರಿನ ನೀರು ಹೊರಿಸಿದಳು. ಸೋಮವಾರದ ಒಪ್ಪತ್ತು ಮುಗಿದು ಸಂಜೆ ಎಲ್ಲರೂ ಊಟಕ್ಕೆ ಕುಳಿತರೆ ಅವಳೊಬ್ಬಳು ಟಾಕಿಯ ಬಳಿಯಿಂದ ಏಳಲಿಲ್ಲ. ಕಲ್ಮೇಶ ಕರೆದದ್ದಕ್ಕೆ, ಅವು ಉಣ್ಣದೆ ಕುಳಿತಿವೆ, ನನಗೆ ಹೇಗೆ ಇಳಿಯುತ್ತದೆ ಎಂದು ಒಂದು ಲೋಟ ಹಾಲು ಕುಡಿದಳು. ಮರುದಿನ ಒಂದೇ ಹೊತ್ತು ಉಂಡಳು, ಅದರ ಮರುದಿನವೂ ಅಷ್ಟೇ. ಪ್ರಸಾದ ಹಿಡಿದು ಬಂದ ಗಂಡನನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸಿದಳು. ಅತ್ತೆ ಸೊಸೆ ಟಾಕಿಯ ಪಕ್ಕ ಕುಳಿತು ನೀರು ನೋಡಿದರು. ಅಡಿಗೆಯ ಮಾತಿಲ್ಲದೆ ಅವರಿಬ್ಬರೂ ಅಷ್ಟು ಹೊತ್ತು ಜೊತೆಗೆ ಕುಳಿತದ್ದು ಅದೇ ಮೊದಲು.

ಮತ್ತೆ ಒಂದು ಮೀನೂ ಸಾಯಲಿಲ್ಲ. ವಾಸನೆ ಹೋಯಿತು, ಟಾಕಿಯ ತಳ ಕಾಣತೊಡಗಿತು, ಮೀನುಗಳು ಮೇಲಿನಿಂದ ಇಳಿದು ತಮ್ಮ ಪಾಡಿಗೆ ತಾವು ತಿರುಗಿದವು. ಜಲ್ಲಿಯಲ್ಲಿ ಹಳದಿಯಾಗಿದ್ದ ಮೆಂತ್ಯ ಹಸಿರಾಗಿ ಎದ್ದಿತು.

ದಸರೆಯ ಹೊತ್ತಿಗೆ ಒಂದು ಸಂಜೆ, ತವರಿಗೆ ಹೋಗಿದ್ದ ಕೆಂಪವ್ವ ಬಹಳ ದಿನದ ಮೇಲೆ ಊರಿಗೆ ಬಂದವಳು ಗೋಡೆಯಾಚೆಯಿಂದ ಅನ್ನದ ಬಟ್ಟಲು ಚಾಚಿದಳು. ಒಳಗೆ ಅದೇ ಜಲ್ಲಿಯಲ್ಲಿ ಬೆಳೆದ ಮೆಂತ್ಯ ಸೋಸುತ್ತ ಕುಳಿತಿದ್ದ ಸಪ್ನಾ ಬೇಡವೆನ್ನಲು ಏಳುವಷ್ಟರಲ್ಲಿ ಚನ್ನವ್ವನ ದನಿ ಕೇಳಿಸಿತು.

"ಏ ಕೆಂಪವ್ವಾ, ಅವಕ್ಕ ಹಾಕಬ್ಯಾಡ. ಹಾಕೂದಿದ್ರ ಸಪ್ನಾನ್ನ ಕೇಳಬೇಕ. ಟಾಕಿ ಅಕೀದು. ನಾನೂ ಕೇಳೇ ಹಾಕತೇನಿ."

ಸಪ್ನಾ ಮತ್ತೆ ಕುಳಿತುಕೊಂಡಳು. ಖುಷಿಗೆ ಅವಳ ಕಣ್ಣು ತುಂಬಿ, ಮುಂದಿದ್ದ ಸೊಪ್ಪು ಕಾಣದಾಯಿತು.