ನಡೆದುಹೋದ ಬೇಲಿಗಳು

ವಾರವೆಲ್ಲ ಮುಸುಕು ಹೊದ್ದು ಮಲಗಿದ್ದ ಮಂಜು ಆವತ್ತು ಬೆಳಿಗ್ಗೆ ತಾನಾಗಿಯೇ ಕರಗಿ, ಬಿಸಿಲು ಸಾವಕಾಶವಾಗಿ ಹಿತ್ತಲುಗಳಿಗೆ ಇಳಿಯಿತು. ಹಾಸಿಗೆಯಕ್ಕ ದೇವರನ್ನು ನೆನೆದು, ಹಳೆ ಹಾಸಿಗೆ ಬಿಚ್ಚಿ ತೆಗೆದ ಹತ್ತಿಯನ್ನು ಬಿದಿರಿನ ತಟ್ಟಿಗಳ ಮೇಲೆ ಹರವಿದಳು. ಆ ಊರಿಗೆ ಓದಲು ಬರುವ ಮಕ್ಕಳೆಲ್ಲ ಅವಳು ಹೊಲಿದ ಹಾಸಿಗೆಯ ಮೇಲೇ ಮಲಗೆದ್ದು ಡಿಗ್ರಿ ಮುಗಿಸುತ್ತಿದ್ದರು. ಬಿಸಿಲು ಕಾಣಿಸದೆ ಹಿಂಜಿದ ಹತ್ತಿ ಗಂಟುಗಟ್ಟುತ್ತದೆ, ಮುಗ್ಗಲು ಹಿಡಿಯುತ್ತದೆ. ಅವಳ ಕಸುಬಿಗೆ ಬಿಸಿಲೇ ಬಂಡವಾಳ.

ಆ ಬಿಸಿಲಿಗೇ ಈಗ ಸಂಚಕಾರ ಬಂದಿತ್ತು. ಬೀದಿಯ ಹಿಂದಿನ ಬಯಲಿನಲ್ಲಿ ಕಾಲೇಜಿನವರು ವಿದ್ಯಾರ್ಥಿಗಳಿಗೆಂದು ನಾಲ್ಕು ಅಂತಸ್ತಿನ ಹಾಸ್ಟೆಲ್ ಕಟ್ಟಲು ಹೊರಟಿದ್ದರು.

"ಅಷ್ಟೆತ್ತರ ಗೋಡೆ ಎದ್ರೆ ನಿನ್ನ ಹತ್ತಿನ ಒಲೆ ಮೇಲೆ ಒಣಗಿಸ್ತೀಯೇನೆ?" ಬಾಗಿಲಲ್ಲಿ ಕೂತಿದ್ದ ಅತ್ತೆ ಕೇಳಿದಳು.

"ಏನಾದ್ರೂ ದಾರಿ ಇದ್ದೇ ಇರುತ್ತೆ ಅತ್ತೆ. ಹೋಗಿ ಕೇಳ್ಕೊಂಡು ಬರ್ತೀನಿ."

"ದೇವರನ್ನೋ, ಇಂಜಿನಿಯರನ್ನೋ?"

"ಹತ್ರ ಸಿಗೋರನ್ನ ಮೊದಲು."

ಬಯಲಿನಲ್ಲಿ ಕಾಲೇಜಿನ ಇಂಜಿನಿಯರ್ ಹುಡುಗಿ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ನಿಂತಿದ್ದಳು. ಬೀದಿಯವರು ಸುತ್ತುವರಿದಿದ್ದರು. ನಿವೃತ್ತ ಮೇಷ್ಟ್ರದೇ ಮೊದಲ ಮಾತು.

"ಹುಡುಗರು ಅಂದ್ಮೇಲೆ ಗಲಾಟೆ ಇದ್ದದ್ದೇ. ಜೀವನವೆಲ್ಲ ಪಾಠ ಹೇಳಿದೋನು ನಾನು, ನನಗೆ ಗೊತ್ತಿಲ್ವಾ?"

"ನಿಮ್ಮ ಪಾಠದಲ್ಲಿ ಎಲ್ಲಿ ಗಲಾಟೆ ಮಾಡ್ತಿದ್ರು ಮೇಷ್ಟ್ರೇ, ನಿದ್ದೆ ಮಾಡ್ತಿದ್ರು," ಎಂದ ಬೇಕರಿ ಮಾವ. ನಗು ಎದ್ದು ಅಡಗಿತು. "ಅದಿರ್ಲಿ, ಬೈಕೆಲ್ಲ ತಂದು ನನ್ನ ಅಂಗಡಿ ಬಾಗಿಲಿಗೆ ನಿಲ್ಲಿಸಿದ್ರೆ ಗಿರಾಕಿ ಹಾರ್ಕೊಂಡು ಬರಬೇಕಾ?"

ಬೈಕುಗಳಿಗೆ ಆಚೆ ರಸ್ತೆಯಲ್ಲಿ ಗೇಟು, ಗಲಾಟೆಗೆ ವಾರ್ಡನ್ ಎಂದು ಹುಡುಗಿ ಸಮಾಧಾನವಾಗಿ ಹೇಳಿದಳು. ಆಮೇಲೆ ಹಾಸಿಗೆಯಕ್ಕ ಮುಂದೆ ಬಂದಳು.

"ನಮ್ಮ ಕಡೆ ತಗ್ಗಾಗಿ ಕಟ್ಟೋಕಾಗಲ್ವಾ ತಾಯಿ? ನನ್ನ ಹತ್ತಿಗೆ ಬಿಸಿಲು ಬೇಕು."

"ಮೊದಲು ಹಾಗೇ ಇತ್ತಕ್ಕ. ಊಟದ ಹಾಲ್ ಈ ಕಡೆ, ಒಂದೇ ಅಂತಸ್ತು. ಆದ್ರೆ ಒಳಗೆ ಅಡುಗೆ ಒಲೆ ಇರೋದ್ರಿಂದ ಅದರ ಪಕ್ಕದಲ್ಲಿ ಬೆಂಕಿ ಆರಿಸೋ ಗಾಡಿ ಓಡಾಡೋಷ್ಟು ದಾರಿ ಬಿಡಬೇಕು. ಅಳೆದ್ರೆ ಜಾಗ ಸಾಲಲಿಲ್ಲ. ಅದಕ್ಕೇ ಊಟದ ಹಾಲ್ ಆಚೆ ಹೋಯ್ತು, ಎತ್ತರದ್ದು ಈಚೆ ಬಂತು."

"ಎಲ್ಲಿಂದ ಅಳೆದ್ರಿ?"

"ನಿಮ್ಮ ಬೇಲಿಗಳಿಂದ."

ಎಲ್ಲರೂ ತಂತಮ್ಮ ಬೇಲಿಯತ್ತ ತಿರುಗಿ ನೋಡಿದರು. ಬೇಲಿ ಶಿಥಿಲವಾದಾಗ ಹಳೆಯ ಗೂಟ ಕೀಳದೆ, ಅದಕ್ಕೆ ಒರಗಿಸಿ ಹೊರಮಗ್ಗುಲಲ್ಲಿ ಹೊಸದು ನೆಡುವುದು ಆ ಬೀದಿಯವರ ರೂಢಿ. ಒಂದು ಗೂಟದ ದಪ್ಪ ಎಷ್ಟು ಮಹಾ? ಕದಿಯಬೇಕೆಂದು ಯಾರೂ ಹೊರಟವರಲ್ಲ. ಆದರೂ ತಲೆಮಾರು ಕಳೆಯುವುದರೊಳಗೆ ಬೇಲಿಗಳು ಮೆಲ್ಲಗೆ ನಡೆದುಕೊಂಡು ಬಯಲಿಗೆ ಬಂದುಬಿಟ್ಟಿದ್ದವು. ಹಳೆ ಗೂಟಗಳು ಮುರಿದುಬಿದ್ದು ಹಿಂದೆ ಖಾಲಿಯಾದ ಜಾಗದಲ್ಲಿ ಮೇಷ್ಟ್ರ ಹೂಗಿಡ, ಬೇಕರಿಯ ಸೌದೆ, ಹಾಸಿಗೆಯಕ್ಕನ ತಟ್ಟಿಗಳು ಹಾಯಾಗಿ ನೆಲೆಸಿದ್ದವು.

"ಹಾಗಾದ್ರೆ ನನ್ನ ತಟ್ಟಿ ನಿಂತಿರೋದು ನಿಮ್ಮ ನೆಲದಲ್ಲಿ," ಎಂದಳು ಹಾಸಿಗೆಯಕ್ಕ. "ಇವತ್ತೇ ಎತ್ತಿಬಿಡ್ತೀನಿ. ಊಟದ ಹಾಲ್ ಈ ಕಡೆ ಬರುತ್ತಾ?"

"ನೀವೊಬ್ರು ಸರಿದ್ರೆ ಸಾಲದಕ್ಕ. ಮೂರು ಹಿತ್ತಲೂ ಸರೀಬೇಕು."

ಬೇಕರಿ ಮಾವ ತಲೆ ಕೆರೆದುಕೊಂಡ. "ಸೌದೆಗೇನು, ಎತ್ತಿಟ್ರಾಯ್ತು."

ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ ಬಿತ್ತು. "ನಮ್ಮ ಬೇಲಿ ನಮ್ಮಪ್ಪನ ಕಾಲದ್ದು," ಎಂದವರೇ ಅವರು ಮುಖ ಬಿಗಿದುಕೊಂಡು ಮನೆಗೆ ಹೊರಟುಹೋದರು.

ಹುಡುಗಿ ನಕ್ಷೆ ಸುತ್ತತೊಡಗಿದಳು. ಹಾಸಿಗೆಯಕ್ಕ ಅದರ ಮೇಲೆ ಕೈಯಿಟ್ಟಳು.

"ಸುತ್ತಬೇಡ ತಾಯಿ. ಬರ್ತಾರೆ."

"ಹೇಗೆ ಹೇಳ್ತೀರಿ?"

"ಪಕ್ಕದ ಮನೆಯವರು. ಅವರ ಸಿಟ್ಟು ಎಷ್ಟು ಹೊತ್ತು ಕಾಯುತ್ತೆ, ಯಾವಾಗ ಆರುತ್ತೆ, ನನಗೆ ಗೊತ್ತು."

ಅವಳು ಸೆರಗು ಬಿಗಿದು ಕೆಲಸಕ್ಕಿಳಿದಳು. ಬೇಕರಿ ಮಾವ ಹಾರೆ ಹಾಕಿದ. ಹೊರಗಿನ ಗೂಟ ಕಿತ್ತರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕೊನೆಗೆ ಹುಲ್ಲಿನೊಳಗೆ ಮೊದಲ ಗೂಟದ ಮೋಟು ಸಿಕ್ಕಿತು. ಮೇಷ್ಟ್ರ ಮನೆಯತ್ತ ಅವಳು ತಿರುಗಿಯೂ ನೋಡಲಿಲ್ಲ. ಕರೆದರೆ ಬರುವ ಕಾಲು ನಿಂತುಬಿಡುತ್ತದೆ.

"ಬಂದ್ರು ನೋಡೇ," ಎಂದು ಅತ್ತೆ ಬಾಗಿಲಿಂದಲೇ ಪಿಸುಗುಟ್ಟಿದಳು.

ಹಾಸಿಗೆಯಕ್ಕ ತಟ್ಟಿ ಎತ್ತುತ್ತಲೇ ಓರೆಗಣ್ಣಲ್ಲಿ ನೋಡಿದಳು. ಮೇಷ್ಟ್ರು ಹೂಗಿಡಗಳನ್ನು ಬೇರಿನ ಮಣ್ಣು ಉದುರದ ಹಾಗೆ ಅಗೆದು ಮನೆಯ ಗೋಡೆಯ ಬುಡಕ್ಕೆ ತಂದಿಟ್ಟರು. ಗೂಟಗಳನ್ನು ಒಂದೊಂದಾಗಿ ಕಿತ್ತರು. ಅಪ್ಪ ನೆಟ್ಟ ಮೊದಲ ಗೂಟ ಸಿಕ್ಕಾಗ ಅದರ ಪಕ್ಕ ಸ್ವಲ್ಪ ಹೊತ್ತು ಕೂತರು. ಆಮೇಲೆ ಎದ್ದು, ಕೈಯ ಮಣ್ಣು ಒರೆಸಿಕೊಂಡು ಹುಡುಗಿಯ ಹತ್ತಿರ ಹೋಗಿ, ಅವಳ ಅಳತೆಯ ಟೇಪಿನ ತುದಿ ಹಿಡಿದು ಹಿಂದಕ್ಕೆ ಬಂದರು. ಆ ತುದಿಯನ್ನು ಅಪ್ಪನ ಗೂಟಕ್ಕೆ ತಾಗಿಸಿ ಹಿಡಿದು ನಿಂತರು.