ಜುಮಿರಾಳ ಬೈಗುಳದ ಉದ್ದ

ಬಟ್ಟೆಯ ಮೇಲೆ ಮೇಣದಲ್ಲಿ ಬಾಟಿಕ್ ಚಿತ್ತಾರ ಬರೆಯುವವರಿಗೆ ಕೈಯಷ್ಟೇ ಉಸಿರೂ ಮುಖ್ಯ. ಮೇಣ ತುಂಬುವ ಪುಟ್ಟ ತಾಮ್ರದ ಲೇಖನಿಗೆ ಚಂತಿಂಗ್ ಎನ್ನುತ್ತಾರೆ. ಅದನ್ನು ಬಿಸಿ ಮೇಣದ ಬಾಣಲೆಗೆ ಅದ್ದಿ ತೆಗೆದ ಮೇಲೆ, ಬಟ್ಟೆಗೆ ತಾಗಿಸುವ ಮೊದಲು, ಅದರ ಕೊಕ್ಕಿಗೊಮ್ಮೆ 'ಫೂ' ಎಂದು ಊದಲೇಬೇಕು. ಊದದಿದ್ದರೆ ಕೊಕ್ಕು ಕಟ್ಟಿಕೊಳ್ಳುತ್ತದೆ, ಇಲ್ಲವೇ ಚುಕ್ಕಿ ಇಡಬೇಕಾದ ಕಡೆ ಕೆರೆಯಷ್ಟು ಮೇಣ ಬಿದ್ದು ತಿಂಗಳ ಕೆಲಸ ಹಾಳಾಗುತ್ತದೆ. ಕಡಲ ದಂಡೆಯ ಲಾಸೆಮ್ ಊರಿನ ಲಿಯೆನ್ ಅಮ್ಮನ ಹಿತ್ತಲ ಕೋಣೆಯಲ್ಲಿ ಜುಮಿರಾ ಮೂವತ್ತು ವರ್ಷದಿಂದ ಹೀಗೆ ಅದ್ದುತ್ತ, ಊದುತ್ತ, ಚುಕ್ಕಿ ಇಡುತ್ತ ಬಂದಿದ್ದಳು. ಆ ಮಂಗಳವಾರ ಬೆಳಿಗ್ಗೆ ಅವಳು ಊದಿದಾಗ 'ಫೂ' ಬರಲಿಲ್ಲ. ಎದೆಯ ಆಳದಿಂದ 'ಸುಂಯ್' ಎಂಬ ಸದ್ದು ಬಂತು.

"ಯಾರೋ ಗಾಳಿಪಟ ಹಾರಿಸ್ತಾ ಇದಾರೆ ಅಂದ್ಕೊಂಡೆ," ಎಂದಳು ಬಾಣಲೆಯ ಆಚೆ ಕೂತಿದ್ದ ಸುತಿನಾ, ತಲೆ ಎತ್ತದೆಯೇ. "ನಿನ್ನೆದೆನಾ ಅದು?"

"ಉಸಿರಿನ ಪಂಪು ತಗೊಳ್ಳೇ," ಎಂದಳು ಪಕ್ಕದಲ್ಲಿ ಎಲೆ ಬರೆಯುತ್ತಿದ್ದ ಕಾಸಿಯೆಮ್.

"ತಗೊಂಡೆ. ಬೆಳಿಗ್ಗೆಯಿಂದ ಮೂರು ಸಲ ತಗೊಂಡೆ. ಗೋಡೆಗೆ ಹೊಡೆದ ಹಾಗಿದೆ."

ಉಬ್ಬಸ ಜುಮಿರಾಳಿಗೆ ಹೊಸದಲ್ಲ. ಹುಡುಗಿಯಾಗಿದ್ದಾಗಿನಿಂದ ಬಂದು ಹೋಗುವ ನೆಂಟ ಅದು. ನೀಲಿ ಪಂಪು ಎರಡು ಸಲ ಒತ್ತಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿತ್ತು. ಈ ಸಲ ಮೂರು ವಾರವಾದರೂ ಎದ್ದಿರಲಿಲ್ಲ. ಮನೆಯಲ್ಲಿ ಅತ್ತಿಗೆ ನಾಣ್ಯ ಹಿಡಿದು ಬೆನ್ನು ಕೆಂಪಾಗುವಂತೆ ಕೆರೆದಿದ್ದಳು, ಅರಿಶಿನ ಹುಣಸೆಯ ಕಷಾಯ ಕುಡಿಸಿದ್ದಳು. ಬೆನ್ನು ಉರಿಯಿತು, ಹೊಟ್ಟೆ ತಂಪಾಯಿತು, ಎದೆ ಮಾತ್ರ ಹಾಗೇ ಇತ್ತು. ಜುಮಿರಾಳಿಗೆ ಇದ್ದ ಭಯ ಒಂದೇ. ಊದಲಾಗದ ಹೆಂಗಸಿಗೆ ಬಾಣಲೆಯ ಪಕ್ಕ ಜಾಗವಿಲ್ಲ. ಮನೆಗೆ ಹೋಗಿ ಅತ್ತಿಗೆಯ ಮುಖ ನೋಡುತ್ತ ಕೂರಬೇಕು.

ಗೆಳತಿಯರಿಬ್ಬರೂ ಅವತ್ತೇ ಅಪರಾಧಿಯನ್ನು ಹುಡುಕಲು ಟೊಂಕ ಕಟ್ಟಿದರು. ಮೊದಲು ಸಿಕ್ಕಿಬಿದ್ದವನು ಮೇಣ ಕಾಯಿಸುವ ಪಾರ್ಮನ್. ಅರವತ್ತೈದರ ಈ ಮನುಷ್ಯ ಕಾಫಿಯ ಗಸಿಯನ್ನು ಕಡ್ಡಿಯಲ್ಲಿ ಅದ್ದಿ ಲವಂಗದ ಸಿಗರೇಟಿನ ಮೇಲೆ ಬಳ್ಳಿ ಬಿಡಿಸಿ, ಒಣಗಿಸಿ, ಆಮೇಲೆ ಸೇದುವವನು. ಊರಿನ ಗಂಡಸರೆಲ್ಲ ಹಾಗೇ, ಆದರೆ ಪಾರ್ಮನ್‌ನ ಬಳ್ಳಿಗೆ ಹೂವೂ ಇರುತ್ತಿತ್ತು.

"ಬಾವಿ ಹಿಂದೆ ಹೋಗಿ ಸೇದು ಮಾಮ," ಎಂದಳು ಸುತಿನಾ.

"ಬಾವಿ ಹಿಂದೆ ಯಾರು ನೋಡ್ತಾರೆ ನನ್ನ ಹೂವನ್ನ?"

"ಕಪ್ಪೆ ನೋಡುತ್ತೆ, ಹೋಗು."

ಪಾರ್ಮನ್ ಬಾವಿಯ ಹಿಂದೆ ಹೋದ. ಮರುದಿನ ಒಲೆಯ ಪಕ್ಕ ಮಲಗುತ್ತಿದ್ದ ಬೆಕ್ಕನ್ನು ಬೀದಿ ದಾಟಿಸಿದರು. ಅದರ ಮರುದಿನ ಕಾಸಿಯೆಮ್ ತನ್ನ ಮಲ್ಲಿಗೆ ವಾಸನೆಯ ತಲೆ ಎಣ್ಣೆಯನ್ನು ಬಿಟ್ಟು, ಒಣ ಕೂದಲನ್ನು ಕೆದರಿಕೊಂಡು ಬಂದಳು. "ನಿನಗೋಸ್ಕರ ಮುಳ್ಳುಹಂದಿ ಆಗಿದೀನಿ, ವಾಸಿ ಆಗ್ದೇ ಇದ್ರೆ ನೋಡ್ಕೋ," ಎಂದಳು. ಬೆಕ್ಕು ಹೋಯಿತು, ಎಣ್ಣೆ ಹೋಯಿತು, ಹೊಗೆ ಹೋಯಿತು. ಸುಂಯ್ ಸದ್ದು ಹೋಗಲಿಲ್ಲ.

ಶುಕ್ರವಾರ ಸುತಿನಾ ಅವಳನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರ್ ಹೆಸ್ತಿ ಚಿಕ್ಕ ವಯಸ್ಸಿನವಳು, ಮಾತಿಗೆ ಮಾತು ಕೊಡುವವಳು. ಮೊದಲು ಪಂಪು ಹೇಗೆ ತಗೊಳ್ತೀರಿ ತೋರಿಸಿ ಎಂದಳು. ಜುಮಿರಾ ಅಲ್ಲಾಡಿಸಿದಳು, ಉಸಿರು ಪೂರ್ತಿ ಬಿಟ್ಟಳು, ನಿಧಾನಕ್ಕೆ ಎಳೆದುಕೊಂಡಳು, ಬೆರಳಲ್ಲಿ ಹತ್ತು ಎಣಿಸಿದಳು.

"ನಿಮ್ಮನ್ನ ಇಲ್ಲೇ ಮೇಷ್ಟ್ರಾಗಿ ಇಟ್ಕೊಳ್ಳಬಹುದು," ಎಂದಳು ಡಾಕ್ಟರ್. "ನಿಮ್ಮ ಕೈಯಲ್ಲಿ ತಪ್ಪಿಲ್ಲ. ಬೆಂಕಿಗೆ ನೀವು ನೀರು ಹಾಕ್ತಾನೇ ಇದೀರಿ, ಯಾರೋ ಸೌದೆ ಹಾಕ್ತಾನೇ ಇದಾರೆ. ಒಂದು ತಿಂಗಳ ಹಿಂದೆ ನಿಮ್ಮ ಸುತ್ತ ಏನು ಬದಲಾಯ್ತು, ಯೋಚನೆ ಮಾಡಿ."

ದಿನಾ ಬೆಳಿಗ್ಗೆ, ಸಂಜೆ ತಪ್ಪದೆ ತಗೊಳ್ಳಬೇಕಾದ ಇನ್ನೊಂದು ಪಂಪು ಕೊಟ್ಟಳು, ಐದು ದಿನದ ಮಾತ್ರೆ ಕೊಟ್ಟಳು. ಕೊನೆಗೆ ಸುತಿನಾಳ ಕಡೆ ತಿರುಗಿ, "ಒಂದು ವಾಕ್ಯವನ್ನ ಒಂದೇ ಉಸಿರಲ್ಲಿ ಮುಗಿಸೋಕೆ ಇವರಿಗೆ ಆಗ್ಲಿಲ್ಲ ಅಂದ್ರೆ, ನಾಳೆ ನೋಡೋಣ ಅನ್ನಬೇಡಿ. ತಕ್ಷಣ ಕರ್ಕೊಂಡು ಬನ್ನಿ," ಎಂದಳು.

ಸುತಿನಾ ಈ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಆದರೆ 'ಇವತ್ತು ಬಿಸಿಲು ಜಾಸ್ತಿ' ಎಂಬಂಥ ವಾಕ್ಯದಿಂದ ಯಾರ ಉಸಿರನ್ನು ಅಳೆಯುವುದು? ಜುಮಿರಾಳ ಬಾಯಲ್ಲಿ ಉದ್ದವಾಗಿ ಬರುವುದು ಬೈಗುಳ ಮಾತ್ರ. ಬೈಸಿಕೊಳ್ಳುವುದಕ್ಕೆ ಪಾರ್ಮನ್ ಇದ್ದೇ ಇದ್ದ. ಹೀಗೆ ಪ್ರತಿ ಬೆಳಿಗ್ಗೆ, ಒಲೆ ಹೊತ್ತಿಸುವ ಮೊದಲು, ಪಾರ್ಮನ್ ಧ್ವಜವಂದನೆಗೆ ನಿಂತವನಂತೆ ಕೈಕಟ್ಟಿ ನಿಲ್ಲತೊಡಗಿದ.

"ಶುರು ಮಾಡು ತಾಯಿ."

"ಪಾರ್ಮನ್ ಮಾಮ, ನಿನ್ನ ಮೀಸೆಗೆ ಮೇಣ ಸುರೀಲಿ, ನಿನ್ನ ಕಾಫಿಗೆ ಇರುವೆ ಮುತ್ತಲಿ, ನಿನ್ನ ಬೈಕು ಪೆಟ್ರೋಲಿಲ್ದೆ ಉಪ್ಪಿನ ಗದ್ದೆ ಮಧ್ಯೆ ನಿಲ್ಲಲಿ, ನಿನ್ನ ಅಳಿಯ ಹಾಸಿಗೆ ಸಮೇತ ನಿನ್ನ ಮನೇಗೇ ಬಂದು ಉಳ್ಕೊಳ್ಳಲಿ, ನಿನ್ನ ಅತ್ತೆ ನೂರು ವರ್ಷ ಬಾಳಲಿ!"

ಅತ್ತೆಯವರೆಗೆ ತಲುಪಿದರೆ ಎದೆ ಚೆನ್ನಾಗಿದೆ. ಅಳಿಯನ ಬಳಿ ನಿಂತರೆ ಸುಮಾರು. ಬೈಕಿನ ಬಳಿ ನಿಂತರೆ ಕಣ್ಣಿಡಬೇಕು. ಕಾಫಿಯಲ್ಲೇ ನಿಂತುಹೋದರೆ ಡಾಕ್ಟರ ಹತ್ತಿರ ಓಡಬೇಕು. ಇದು ಸುತಿನಾಳ ಲೆಕ್ಕ. ಮಾತ್ರೆ ಇದ್ದ ಐದು ದಿನವೂ ಅತ್ತೆ ನೂರು ವರ್ಷ ಬಾಳಿದಳು. ಆರನೆಯ ದಿನ ಅಳಿಯ. ಎಂಟನೆಯ ದಿನ ಬೈಕು.

"ಯಾಕೋ ನನ್ನತ್ತೆ ಜೀವಕ್ಕೇ ಕುತ್ತು ಬಂದ ಹಾಗಿದೆ," ಎಂದ ಪಾರ್ಮನ್. ಆದರೆ ಅವನ ಮುಖದಲ್ಲಿ ನಗೆ ಇರಲಿಲ್ಲ.

ಒಡತಿ ಲಿಯೆನ್ ಅಮ್ಮ ಆಚೆ ಈಚೆ ಓಡಾಡುತ್ತ ಎಲ್ಲ ನೋಡುತ್ತಿದ್ದಳು. ಕೈ ಬಿಗಿ, ಕಣ್ಣು ಚುರುಕು, ಮನಸ್ಸು ಅಷ್ಟೇನೂ ಗಟ್ಟಿಯಲ್ಲ. "ಮೂರು ಜನರ ಬೆವರು, ಉಸಿರು, ಮಾತು, ಎಲ್ಲ ಒಂದೇ ಕಡೆ ಸೇರಿ ನಿನಗೆ ಗಾಳಿ ಸಾಲ್ತಾ ಇಲ್ಲ. ಅಂಗಳದಲ್ಲಿ ಸಪೋಟ ಮರದ ಕೆಳಗೆ ಒಬ್ಬಳೇ ಕೂತ್ಕೋ. ಪುಟ್ಟ ಒಲೆ, ಪುಟ್ಟ ಬಾಣಲೆ ಕೊಡಿಸ್ತೀನಿ. ಅದಕ್ಕೂ ಬಗ್ಗದಿದ್ರೆ ಮನೇಲಿ ಇರು ಜುಮಿರಾ. ನಿನ್ನ ಹೆಣ ಹೊರೋ ಶಕ್ತಿ ನನಗಿಲ್ಲ," ಎಂದಳು.

ಮರದ ಕೆಳಗೆ ಗಾಳಿಯೇನೋ ಇತ್ತು, ಸುದ್ದಿ ಮಾತ್ರ ಇರಲಿಲ್ಲ. ಒಳಗೆ ಕಾಸಿಯೆಮ್ ಏನೋ ಹೇಳುವಳು, ಸುತಿನಾ ಚಂತಿಂಗ್ ಕೆಳಗಿಟ್ಟು ನಗುವಳು. ಜುಮಿರಾಳಿಗೆ ನಗು ಪೂರ್ತಿ ಕೇಳಿಸುತ್ತಿತ್ತು, ಮಾತು ಅರ್ಧಂಬರ್ಧ.

"ಯಾರು? ಯಾರು ಓಡಿಹೋದ್ರು?" ಎಂದು ಅವಳು ಮರದ ಕೆಳಗಿಂದ ಕೂಗುವಳು.

"ಓಡಿಹೋಗ್ಲಿಲ್ಲ ಕಣೇ, ವಾಪಸ್ ಬಂದ್ರು!"

"ಯಾರೇ?"

ಅಷ್ಟರಲ್ಲಿ ಬೀದಿಯಲ್ಲಿ ಲಾರಿ ಹೋಗುವುದು. ಓಡಿಹೋಗಿ ವಾಪಸು ಬಂದ ಆ ಪುಣ್ಯಾತ್ಮರು ಯಾರೆಂದು ಜುಮಿರಾಳಿಗೆ ಇವತ್ತಿಗೂ ಗೊತ್ತಿಲ್ಲ. ಬೇಸರಕ್ಕೆ ಅವಳು ಬಾಣಲೆಯ ಮೇಲೆ ಇನ್ನಷ್ಟು ಬಾಗಿ ಚುಕ್ಕಿ ಇಟ್ಟಳು. ಎರಡನೆಯ ದಿನ ಮಧ್ಯಾಹ್ನ ಸುತಿನಾ ಊಟದ ಪೊಟ್ಟಣ ಹಿಡಿದು ಬಂದಾಗ ಅವಳು ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಹೆಗಲು ಕಿವಿಗೇರಿಸಿ ಕೂತಿದ್ದಳು.

"ಮಾಮನ್ನ ಬೈಯೇ," ಎಂದಳು ಸುತಿನಾ.

"ಪಾರ್ಮನ್ ಮಾಮ... ನಿನ್ನ... ಮೀಸೆ..."

ಸುತಿನಾ ಪೊಟ್ಟಣ ಎಸೆದು ಕೂಗಿಕೊಂಡಳು. ಪಾರ್ಮನ್ ಬೈಕು ತಂದ. ಜುಮಿರಾಳನ್ನು ನಡುವೆ ಕೂರಿಸಿ, ಹಿಂದಿನಿಂದ ಸುತಿನಾ ಅವಳನ್ನು ತಬ್ಬಿಕೊಂಡು, ಮೂವರೂ ಆರೋಗ್ಯ ಕೇಂದ್ರ ತಲುಪಿದರು.

ಮೂಗು ಬಾಯಿ ಮುಚ್ಚುವ ಮುಖವಾಡದೊಳಗಿಂದ ಔಷಧಿಯ ಹಬೆ ಬುಸುಬುಸು ಎಂದು ಬರತೊಡಗಿತು. ಸ್ವಲ್ಪ ಹೊತ್ತಿಗೆ ಹೆಗಲು ಕೆಳಗಿಳಿದವು. ಆಗ ಡಾಕ್ಟರ್ ಹೆಸ್ತಿ ಕುರ್ಚಿ ಎಳೆದುಕೊಂಡು ಕೂತಳು.

"ಎಲ್ಲಿ ಕೂತಿದ್ರು?"

"ಮರದ ಕೆಳಗೆ, ಒಬ್ಬಳೇ," ಎಂದಳು ಸುತಿನಾ.

"ಸಿಗರೇಟು?"

"ನಾನು ಬಾವಿ ಹಿಂದೆ," ಎಂದ ಪಾರ್ಮನ್, ಎರಡೂ ಕೈ ಎತ್ತಿ.

"ಬೆಕ್ಕು, ಎಣ್ಣೆನೂ ಇಲ್ಲ ಅಂತ ಅವತ್ತೇ ಹೇಳಿದ್ರಿ. ಹತ್ತಿರ ಇದ್ದದ್ದೇನು ಹಾಗಾದ್ರೆ?"

"ಬಟ್ಟೆ, ಚಂತಿಂಗ್, ಮೇಣದ ಬಾಣಲೆ."

"ಮೇಣದಲ್ಲಿ ಏನೇನಿರುತ್ತೆ?"

ಪಾರ್ಮನ್ ನೆಟ್ಟಗಾದ. "ಅದು ಮಾತ್ರ ಕೇಳಬೇಡಿ ಡಾಕ್ಟ್ರೇ. ಆ ಮನೆಯ ಮಿಶ್ರಣ ಅದು. ಲಿಯೆನ್ ಅಮ್ಮನ ಅತ್ತೆ ಸಾಯೋವಾಗ ನನ್ನ ಕೈಲಿ ಆಣೆ ಮಾಡಿಸ್ಕೊಂಡಿದಾರೆ."

"ಅಳತೆ ಹೇಳಬೇಡಿ. ಈಚೆಗೆ ಏನಾದ್ರೂ ಬದಲಾಯಿಸಿದ್ರಾ, ಅಷ್ಟು ಹೇಳಿ."

ಪಾರ್ಮನ್ ಬಾಯಿ ತೆರೆದ, ಮುಚ್ಚಿದ. ಆಮೇಲೆ ಮೆಲ್ಲಗೆ ಜುಮಿರಾಳ ಕಡೆ ಕೈ ತೋರಿಸಿದ. "ಇವಳೇ ಕೇಳಿದ್ದು! ರಂಜಾನ್ ಹಬ್ಬ ಮುಗಿಸ್ಕೊಂಡು ಬಂದ ದಿನವೇ ನನ್ನ ಮೇಲೆ ಹಾರಾಡಿದ್ಲು. ನಿನ್ನ ಮೇಣ ಹರಡುತ್ತೆ, ನನ್ನ ಚುಕ್ಕಿಗೆ ಬಾವು ಬಂದ ಹಾಗೆ ಕಾಣುತ್ತೆ, ಸೂಜಿ ಮೊನೆ ಹಾಗೆ ನಿಲ್ಲೋ ಮೇಣ ಮಾಡ್ಕೊಡು ಅಂದ್ಲು. ನಾನು ಪೈನ್ ಮರದ ರಾಳ ಎರಡರಷ್ಟು ಹಾಕ್ದೆ. ಅವತ್ತು ನನ್ನನ್ನ ಹೊಗಳಿದ್ಲು ಕೂಡ, ಮೂವತ್ತು ವರ್ಷದಲ್ಲಿ ಒಂದೇ ಸಲ!"

ಮುಖವಾಡದ ಮೇಲೆ ಜುಮಿರಾಳ ಕಣ್ಣು ಅಗಲವಾಯಿತು. ಊರೆಲ್ಲ ಹುಡುಕಿದ ಅಪರಾಧಿ ತಾನೇ. ನಗು ಬಂತು, ನಗುವಿನ ಜೊತೆ ಕೆಮ್ಮು ಬಂತು, ಡಾಕ್ಟರ್ "ನಗಬೇಡಿ, ಹಬೆ ಮುಗೀಲಿ" ಎಂದು ಗದರಿದಳು.

ರಾಳದ ಹೊಗೆ ಕೆಲವರ ಎದೆಗೆ ಆಗುವುದಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದಳು. "ಅದೇ ಅಂತ ಇವತ್ತೇ ಆಣೆ ಇಡಲ್ಲ. ಎರಡು ವಾರ ಅದರಿಂದ ದೂರ ಇರಿ, ದಿನದ ಪಂಪು ಬಿಡಬೇಡಿ, ಆಮೇಲೆ ನೋಡೋಣ."

ಎರಡು ವಾರ ಜುಮಿರಾ ಮನೆಯಲ್ಲಿದ್ದಳು. ಮೂರನೆಯ ದಿನ ಸುಂಯ್ ಸದ್ದು ಸಣ್ಣದಾಯಿತು, ಎಂಟನೆಯ ದಿನ ನಿಂತೇಹೋಯಿತು. ಹದಿನೈದನೆಯ ದಿನ ಕೆಲಸಕ್ಕೆ ಬಂದಾಗ ಪಾರ್ಮನ್ ಹೊಸ ಮೇಣ ಕಾಯಿಸಿಟ್ಟಿದ್ದ. ರಾಳದ ಚೂರೂ ಇಲ್ಲದ್ದು, ಜೇನುಮೇಣವೇ ಹೆಚ್ಚು. ಬಾಣಲೆಯನ್ನು ಗೋಡೆಗಳ ನಡುವಿನಿಂದ ತೆಗೆದು ಬೀದಿ ಕಡೆಯ ಜಗಲಿಗೆ ತಂದಿದ್ದ.

ಆದರೆ ಅದು ಮೆತ್ತನೆಯ ಮೇಣ. ಸುತಿನಾ ಗೆರೆ ಎಳೆದರೆ ಗೇಣುದ್ದಕ್ಕೇ ದಪ್ಪವಾಗುತ್ತಿತ್ತು. ಕಾಸಿಯೆಮ್‌ಳ ಎಲೆಗಳ ಅಂಚು ಹರಡುತ್ತಿತ್ತು. ಮಧ್ಯಾಹ್ನದವರೆಗೂ ಇಬ್ಬರೂ ಗೊಣಗಿದರು. ಬೇರೆ ಬಾಣಲೆಯಲ್ಲಿ ರಾಳ ಕಾಯಿಸಿದರೂ ಹೊಗೆ ಜುಮಿರಾಳ ಕಡೆಗೇ ಬರುತ್ತದೆ, ಬೇರೆ ದಾರಿಯಿಲ್ಲ. ಜುಮಿರಾ ಚಂತಿಂಗ್ ಕೆಳಗಿಟ್ಟಳು.

"ನನ್ನೊಬ್ಬಳಿಗಾಗಿ ನಿಮ್ಮಿಬ್ಬರ ಕೈ ಯಾಕೆ ಹಾಳಾಗ್ಬೇಕು? ಹಳೇ ಮೇಣನೇ ಇಟ್ಕೊಳ್ಳಿ. ನಾನು ಮನೇಲೇ ಇರ್ತೀನಿ."

ಸುತಿನಾ ಒಂದು ಗೆರೆ ಮುಗಿಸಿ, ಅದನ್ನು ಸಿಟ್ಟಿನಿಂದ ದಿಟ್ಟಿಸಿದಳು.

"ನೀನಿಲ್ದಾಗ ಏನಾಯ್ತು ಗೊತ್ತಾ? ಮಂಗಳವಾರದ ಹೊತ್ತಿಗೆ ನಮ್ಮಿಬ್ಬರ ಹತ್ರ ಇದ್ದ ಮಾತೆಲ್ಲ ಖಾಲಿ. ಬುಧವಾರ ಇವಳು ತನ್ನ ಮೂತ್ರಕೋಶದ ಕಲ್ಲಿನ ಕತೆ ನಾಲ್ಕನೇ ಸಲ ಹೇಳಿದ್ಲು. ನಾಲ್ಕನೇ ಸಲ! ಕಲ್ಲು ಪ್ರತಿ ಸಲ ದೊಡ್ಡದಾಗ್ತಾ ಹೋಯ್ತು."

"ದೊಡ್ಡದೇ ಇತ್ತು," ಎಂದಳು ಕಾಸಿಯೆಮ್.

"ಮೇಣ ಮೆತ್ತಗಿದ್ರೆ ಕೈ ಕಲ್ತುಕೊಳ್ಳುತ್ತೆ. ಆ ಕಲ್ಲಿನ ಜೊತೆ ನಾನು ಬಾಳಲಾರೆ. ಬಾಯಿ ಮುಚ್ಕೊಂಡು ಚುಕ್ಕಿ ಇಡು."

ಜುಮಿರಾ ಇಟ್ಟಳು. ಉರಿ ಸಣ್ಣದು ಮಾಡಿಸಿ, ಕೈ ಚುರುಕು ಮಾಡಿ ಇಟ್ಟಳು. ಅವಳು ಬರೆಯುತ್ತಿದ್ದದ್ದು ಸಮುದ್ರದ್ರಾಕ್ಷಿ ಎಂಬ ತಿನ್ನುವ ಕಡಲಪಾಚಿಯ ಗೊಂಚಲು, ಲಾಸೆಮ್‌ನ ಬಟ್ಟೆಗಳ ಹಳೆಯ ಚಿತ್ತಾರ. ಮೊದಲು ಸಾಸಿವೆಯಂತಿದ್ದ ಅವಳ ಚುಕ್ಕಿಗಳು ಈಗ ಮೆಣಸಿನ ಕಾಳಿನಷ್ಟಾಗಿದ್ದವು. ಒಂದು ದಪ್ಪ, ಒಂದು ಸಣ್ಣ. ವಾರದ ಕೊನೆಗೆ ಲಿಯೆನ್ ಅಮ್ಮ ಕನ್ನಡಕ ಏರಿಸಿಕೊಂಡು ಬಂದು ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಜುಮಿರಾಳಿಗೆ ಉಸಿರೇ ನಿಂತಂತಾಯಿತು, ಈ ಸಲ ರಾಳದಿಂದಲ್ಲ.

"ಇದು ನಿನ್ನ ಚುಕ್ಕಿ ಅಲ್ಲ," ಎಂದಳು ಲಿಯೆನ್ ಅಮ್ಮ.

"ಈಗ ಇದೇ ನನ್ನ ಚುಕ್ಕಿ ಅಮ್ಮ. ಇದಕ್ಕಿಂತ ಸಣ್ಣದು ಬೇಕಂದ್ರೆ ರಾಳ ಬೇಕು. ರಾಳ ಬೇಕಂದ್ರೆ ಬೇರೆ ಯಾರಾದ್ರೂ ಬೇಕು."

ಲಿಯೆನ್ ಅಮ್ಮ ಬಟ್ಟೆ ಕೆಳಗಿಟ್ಟು ಒಳಗೆ ಹೋದಳು. ಮೂವರೂ ಮುಖ ಮುಖ ನೋಡಿಕೊಂಡರು. ಅವಳು ವಾಪಸು ಬಂದದ್ದು ಒಂದು ಬಟ್ಟಲು ಹಿಡಿದು. ಬೆಳಿಗ್ಗೆ ಮಾರುಕಟ್ಟೆಯಿಂದ ತಂದ ಸಮುದ್ರದ್ರಾಕ್ಷಿ, ಮಧ್ಯಾಹ್ನದ ಊಟಕ್ಕೆ ತೆಂಗಿನ ತುರಿ ಬೆರೆಸಲು ತೊಳೆದಿಟ್ಟದ್ದು. ಒಂದು ಹಸಿರು ಗೊಂಚಲು ಎತ್ತಿ ಬಟ್ಟೆಯ ಪಕ್ಕಕ್ಕೆ ಹಿಡಿದಳು. ಅದರ ಮಣಿಗಳೂ ಒಂದು ದಪ್ಪ, ಒಂದು ಸಣ್ಣ, ಒಂದು ಸೊಟ್ಟ. ಕಾಸಿಯೆಮ್ ಕತ್ತು ಚಾಚಿದಳು.

"ಅಯ್ಯೋ, ಹಾಗೇ ಇದೆಯಲ್ಲಾ!"

ಲಿಯೆನ್ ಅಮ್ಮ ಗೊಂಚಲನ್ನು ಬಾಯಿಗೆ ಹಾಕಿಕೊಂಡು ಕುರುಕುರು ಅಗಿದಳು. "ಮೂವತ್ತು ವರ್ಷ ನೀನು ಬರೆದದ್ದು ಬರೀ ಸಾಸಿವೆ ಕಣೇ. ನಾನೂ ನೋಡ್ಲಿಲ್ಲ, ಕೊಂಡವರೂ ನೋಡ್ಲಿಲ್ಲ. ಮುಂದಿನದಕ್ಕೂ ಹೀಗೇ ಬರಿ. ಕೆಂಪು ಬಣ್ಣ ಇನ್ನೂ ಗಾಢ ಹಾಕ್ಸೋಣ." ಬಟ್ಟಲನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಬಟ್ಟಲು ಖಾಲಿಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಈಗ ಜಗಲಿಯಲ್ಲಿ ಹೊಸ ಕಾನೂನು. ದಿನಾ ಬೆಳಿಗ್ಗೆ ಸುತಿನಾ ಒಂದು ದಾರದ ಎಳೆ ಎತ್ತಿ ಹಿಡಿದು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತಾಳೆ, ಮೀನುಗಾರರ ಹಾಗೆ. ಗಾಳಿ ಬರುವ ಕಡೆಯ ಜಾಗ ಜುಮಿರಾಳದ್ದು. ಕಡಲ ಗಾಳಿ ಬೀಸುವ ಈ ತಿಂಗಳುಗಳಲ್ಲಿ ಅದು ಬೀದಿಗೆ ಮುಖ ಮಾಡಿದ ಜಾಗ. ಪಾಪ, ಕಾಸಿಯೆಮ್‌ಗೆ ಬೀದಿಗೆ ಬೆನ್ನು.

"ಯಾರೇ ಅದು ಹೋಗಿದ್ದು? ಬೈಕಿನ ಹಿಂದೆ ಯಾರಿದ್ರು?" ಎಂದಳು ಅವಳು ಇವತ್ತು, ಕುತ್ತಿಗೆ ತಿರುಗಿಸಲಾಗದೆ, ಅರ್ಧ ಎಳೆದ ಎಲೆಯ ಮೇಲೆ ಕೈಯಿಟ್ಟುಕೊಂಡು.

ಜುಮಿರಾ ಚಂತಿಂಗ್ ಅದ್ದಿದಳು, ಫೂ ಎಂದು ಊದಿದಳು, ಚುಕ್ಕಿ ಇಟ್ಟಳು. "ಬೈಕು ಓಡಿಸ್ತಿದ್ದವನು ಮಸೀದಿ ಪಕ್ಕದ ದರ್ಜಿಯ ಎರಡನೇ ಮಗ, ಹಿಂದೆ ಕೂತಿದ್ದವಳು ಅವನ ಹೆಂಡತಿಯಲ್ಲ, ಹೆಂಡತಿಯ ತಂಗಿ, ಅವಳ ಕೈಯಲ್ಲಿ ಎರಡು ಕೋಳಿ, ಒಂದು ಕೋಳಿ ಅವನ ಅಂಗಿ ಕಾಲರು ಕುಕ್ತಾ ಇತ್ತು, ಅವನು ನಮ್ಮನ್ನ ನೋಡಿ ಏನೂ ಆಗದವನ ಹಾಗೆ ತಲೆಯಾಡಿಸಿದ, ಆಗ ಇನ್ನೊಂದು ಕೋಳಿ..."

"ನಿಧಾನ ಕಣೇ, ಉಸಿರು ತಗೋ," ಎಂದಳು ಕಾಸಿಯೆಮ್.

"ಬೇಕಾದಾಗ ತಗೊಳ್ತೀನಿ," ಎಂದು ಜುಮಿರಾ ಎರಡನೆಯ ಕೋಳಿಯ ಕತೆ ಮುಂದುವರಿಸಿದಳು.