ಜೋಳಿಗೆಗೆ ರಸೀದಿ ಇಲ್ಲ

ಕುಲಪತಿ ಗವಿಸಿದ್ದಪ್ಪನವರ ಬಳಿ ನಾನು ಆರು ವರ್ಷ ಗುಮಾಸ್ತನಾಗಿದ್ದೆ. ಒಳ್ಳೆಯವರ ಕೈಕೆಳಗೆ ಕೆಲಸ ಮಾಡುವುದು ಕಷ್ಟ. ಅವರ ಒಳ್ಳೆಯತನಕ್ಕೆ ಕಾಗದಪತ್ರ ಹೊಂದಿಸುವುದು ಇನ್ನೂ ಕಷ್ಟ.

ಎಪ್ಪತ್ತನಾಲ್ಕರಲ್ಲಿ ಹೊಸಪೇಟೆ ಹತ್ತಿರದ ನಮ್ಮ ವಿಶ್ವವಿದ್ಯಾಲಯ ಇನ್ನೂ ಕೂಸು. ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಕಟ್ಟಲು ಸರ್ಕಾರ ದುಡ್ಡು ಕೊಟ್ಟಿತು, ಉಣ್ಣಿಸಲು ಕೊಡಲಿಲ್ಲ. ಕಂಪ್ಲಿ, ಸಂಡೂರು ಕಡೆಯಿಂದ ಬಂದ ಅರವತ್ತು ಹುಡುಗಿಯರು ಅನ್ನವಿಲ್ಲದಿದ್ದರೆ ಮನೆಗೆ ಹೋಗಬೇಕು. ಮನೆಗೆ ಹೋದವರನ್ನು ಮರುತಿಂಗಳೇ ಮದುವೆ ಮಾಡಿಬಿಡುತ್ತಿದ್ದರು. ಸಾಹೇಬರು ಮೊದಲು ಕಾರಿನಲ್ಲಿ ಅಕ್ಕಿ ಗಿರಣಿಗಳಿಗೆ ಹೋದರು. ಮಾಲೀಕರು ಹಾರ ಹಾಕಿದರು, ಚಹಾ ಕುಡಿಸಿದರು, ಸುಗ್ಗಿ ಆಗಲಿ ನೋಡೋಣ ಎಂದು ಮೂಗಿಗೆ ತುಪ್ಪ ಸವರಿ ಕಳಿಸಿದರು.

ಆಮೇಲೆ ಒಂದು ಮುಂಜಾನೆ ಅವರು ಕಾರು ಬಿಟ್ಟು, ಮಠದ ಅಯ್ಯನವರ ಹಾಗೆ ಹೆಗಲಿಗೆ ಜೋಳಿಗೆ ಹಾಕಿಕೊಂಡು ಬುಕ್ಕಸಾಗರಕ್ಕೆ ನಡೆದರು. ನನಗೆ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಕುಲಪತಿ ಕುಲಪತಿಯ ಹಾಗೆ ಇರಬೇಕು ಎಂದು ಗೊಣಗುತ್ತಾ ಹಿಂದೆ ಹೋದೆ. ಆದರೆ ಆ ಊರಲ್ಲಿ ಜೋಳಿಗೆಯನ್ನು ಬರಿದಾಗಿ ಕಳಿಸುವ ಮನೆಯೇ ಇರಲಿಲ್ಲ. ಮಧ್ಯಾಹ್ನಕ್ಕೆ ಒಂದು ಗಾಡಿ ಅಕ್ಕಿ ಆಯಿತು.

ನನ್ನ ತಲೆಯಲ್ಲಿ ಆಡಿಟ್. ಮರುವಾರ ರಸೀದಿ ಪುಸ್ತಕ ಅಚ್ಚು ಹಾಕಿಸಿ ತಂದೆ. ಮೊದಲ ಮನೆ ಹೊಳೆಮ್ಮನದು. ಗಂಡ ತೀರಿಹೋದ ಮೇಲೆ ಐದು ಎಕರೆ ಕಾಲುವೆ ಗದ್ದೆಯನ್ನು ತಾನೇ ಮಾಡುತ್ತಿದ್ದ ಹೆಂಗಸು. ಅಕ್ಕಿ ಸುರಿದ ಕೈಗೆ ನಾನು ರಸೀದಿ ಇಟ್ಟೆ. ಕೆಂಡ ಮುಟ್ಟಿದವಳಂತೆ ಬಿಟ್ಟಳು.

"ಕಾಗದ ಕೊಟ್ರ ಅದು ಲೆವಿ ಆತು. ದಾನ ಅಲ್ರಿ."

ಆಗ ಸರ್ಕಾರ ಎಕರೆಗೆ ಇಷ್ಟು ಎಂದು ರೈತರಿಂದ ಕಡ್ಡಾಯವಾಗಿ ಭತ್ತ ಕೊಳ್ಳುತ್ತಿತ್ತು, ಅದೇ ಲೆವಿ. ಅದಕ್ಕೆ ತೋರಿಸದೆ ಎಲ್ಲರೂ ಮನೆಯಲ್ಲಿ ನಾಲ್ಕು ಚೀಲ ಮುಚ್ಚಿಡುತ್ತಿದ್ದರು. ಜೋಳಿಗೆಗೆ ಬಿದ್ದದ್ದು ಆ ಭತ್ತದ ಅಕ್ಕಿ. ಅದೂ ಅಲ್ಲದೆ, ಜೋಳಿಗೆಗೆ ಹಾಕಿದ್ದನ್ನು ಬಾಯಿಬಿಟ್ಟು ಹೇಳಿದರೆ ಪುಣ್ಯ ಉಳಿಯುವುದಿಲ್ಲ ಎಂದು ಅವರ ನಂಬಿಕೆ. ಆ ದಿನ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಸಾಹೇಬರು ರಸೀದಿ ಪುಸ್ತಕ ನನ್ನಿಂದ ಇಸಿದುಕೊಂಡು, ಇನ್ನು ಬರೆಯುವುದು ಬೇಡ ಎಂದರು. ನಾಳೆ ಇದು ನಿಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ ಎಂದೆ. ಸುತ್ತಿಕೊಳ್ಳಲಿ, ಅಷ್ಟರಲ್ಲಿ ಹುಡುಗಿಯರು ಉಂಡಿರುತ್ತಾರೆ ಎಂದರು.

ಎರಡು ವರ್ಷ ಉಂಡರು. ಮೂರನೆಯ ವರ್ಷ ಸಾಹೇಬರನ್ನು ಕಂಡರಾಗದ ಯಾರೋ ಅರ್ಜಿ ಬರೆದರು: ಹಾಸ್ಟೆಲಿನ ಅಕ್ಕಿ ಕಾಳಸಂತೆಯದು, ಕುಲಪತಿ ಅದರಲ್ಲಿ ದುಡ್ಡು ತಿಂದಿದ್ದಾರೆ. ವಿಚಾರಣೆಗೆ ಅಧಿಕಾರಿಯೊಬ್ಬ ಬಂದ. ಪಕ್ಕದಲ್ಲಿ ಲೆವಿ ಇನ್ಸ್‌ಪೆಕ್ಟರನ್ನೂ ಕೂರಿಸಿಕೊಂಡು ಬುಕ್ಕಸಾಗರದವರನ್ನು ನಮ್ಮ ಕಚೇರಿಗೆ ಕರೆಸಿದ. ಹತ್ತು ಜನ ಒಬ್ಬೊಬ್ಬರಾಗಿ ಒಳಗೆ ಹೋಗಿ, ನಾವೇನೂ ಕೊಟ್ಟಿಲ್ಲ ಎಂದು ಕೈಮುಗಿದು ಬಂದರು. ಅವರೆಲ್ಲ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಸಾಹೇಬರ ಗುಮಾಸ್ತನ ಮಾತು ಸಾಕ್ಷಿಯಾಗುವುದಿಲ್ಲ ಎಂದು ಅಧಿಕಾರಿ ನನ್ನ ಬಾಯಿ ಮುಚ್ಚಿಸಿದ್ದ.

ಉಳಿದವಳು ಹೊಳೆಮ್ಮ. ಪಡಸಾಲೆಯ ಕಟ್ಟೆಯಿಂದ ಎದ್ದು ಸಾಹೇಬರ ಹತ್ತಿರ ಬಂದಳು.

"ನಾ ಹೇಳ್ತೀನ್ರಿ ಯಪ್ಪಾ. ಪುಣ್ಯ ಹೋದ್ರ ಹೋಗ್ಲಿ, ಇದ್ದ ಭತ್ತ ಹೊತ್ಕೊಂಡು ಹೋದ್ರೂ ಹೋಗ್ಲಿ."

ಹೇಳಲಿ ಎಂದು ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಒಂದು ಮಾತು, ಅವರ ಮಾನ ಉಳಿಯುತ್ತಿತ್ತು.

"ಬ್ಯಾಡವ್ವ," ಎಂದರು ಸಾಹೇಬರು. "ನೀ ಹೇಳಿದ್ರ ನಾಳಿ ಮನಿ ಮನಿ ಹೊಕ್ಕು ಹುಡುಕ್ತಾರ. ಆಮ್ಯಾಲ ಆ ಹುಡುಗ್ಯಾರಿಗೆ ಯಾರು ನೀಡ್ತಾರ?"

ಹೊಳೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಕೊಟ್ಟಿಲ್ಲ ಎಂದು ಹೇಳಿ ಬಂದಳು.

ಕುಲಪತಿಗೆ ಊರವರು ಒಂದು ಕಾಳೂ ಕೊಟ್ಟಿಲ್ಲ ಎಂದು ಅಧಿಕಾರಿ ವರದಿ ಬರೆದ. ಸಾಹೇಬರು ತಕರಾರು ಮಾಡದೆ ಸಹಿ ಹಾಕಿ, ರಾಜೀನಾಮೆಯನ್ನೂ ಕೊಟ್ಟರು. ಪೇಪರಿನಲ್ಲಿ ಅಕ್ಕಿ ಕಳ್ಳ ಎಂದು ಬಂತು. ಹಾಸ್ಟೆಲಿನ ಹಿಂಬಾಗಿಲಿಗೆ ಮಾತ್ರ ಹೇಳದೆ ಕೇಳದೆ ಅಕ್ಕಿಚೀಲ ಬರುತ್ತಲೇ ಇತ್ತು.

ಸಾಹೇಬರು ತಮ್ಮ ಊರಿಗೆ ಹೊರಟ ದಿನ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಾನೊಬ್ಬನೇ ಇದ್ದೆ. ಬುಕ್ಕಸಾಗರದವರು ಯಾರೂ ಬರಲಿಲ್ಲ. ಬಂದಿದ್ದರೆ ಕೊಟ್ಟವರು ಯಾರೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಅದು ಸಾಹೇಬರಿಗೆ ತಿಳಿದಿತ್ತು, ನನಗೂ ತಿಳಿದಿತ್ತು. ಆದರೂ ಬಸ್ಸು ಹೊರಡುವವರೆಗೆ ಅವರು ಕಿಟಕಿಯಿಂದ ಬುಕ್ಕಸಾಗರದ ದಾರಿಯನ್ನೇ ನೋಡುತ್ತಿದ್ದರು.